ಒಂದು ನಿಮಿಷದ ಬಿಸಿನೀರು: ಜೀವಕೋಶವು ಕಿಣ್ವಗಳನ್ನು ಹಿಡಿದಿಡುವ ಬಗೆ

(ಶಿರಸಿಯಲ್ಲಿ ಕಾಳುಮೆಣಸು ಬೆಳೆಗಾರರು ಮತ್ತು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಸೇರಿದ್ದ ಸಭೆಯ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಲಾಗಿದೆ.)

ಮೇಜಿನ ಮೇಲೆ ಮೂರು ಬಟ್ಟಲುಗಳಿವೆ. ಒಂದರಲ್ಲಿ ಕರಿಮೆಣಸು, ಇನ್ನೊಂದರಲ್ಲಿ ಒಣಗಿಸಿದ ಹಸಿರು ಮೆಣಸು, ಮೂರನೆಯದರಲ್ಲಿ ಬೋಳಕಾಳು, ಅಂದರೆ ಸಿಪ್ಪೆ ತೆಗೆದ ಬಿಳಿ ಮೆಣಸು. ಮೂರೂ ಒಂದೇ ಬಳ್ಳಿಯಿಂದ ಬಂದಿರಬಹುದು. ಹಾಗಾದರೆ ಬಣ್ಣ ಬೇರೆಯಾದದ್ದು ಹೇಗೆ? ಯಾರೂ ಬಣ್ಣ ಹಚ್ಚಿಲ್ಲ. ಕೊಯ್ದ ಮೇಲೆ ಒಂದರಲ್ಲಿ ಕಿಣ್ವವನ್ನು ಬಿಟ್ಟುಕೊಟ್ಟಿದ್ದೇವೆ, ಇನ್ನೊಂದರಲ್ಲಿ ಅದೇ ಕಿಣ್ವವನ್ನು ಕೊಂದಿದ್ದೇವೆ, ಮೂರನೆಯದರಲ್ಲಿ ಬ್ಯಾಕ್ಟೀರಿಯಾಗಳ ಕಿಣ್ವವನ್ನು ಕೂಲಿಗೆ ಕರೆದಿದ್ದೇವೆ. ಇವತ್ತಿನ ಮಾತು ಈ ಬಟ್ಟಲುಗಳ ಸುತ್ತಲೇ.

ಕಿಣ್ವ ಎಂದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನ್ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ತಪ್ಪೇನಿಲ್ಲ, ಆದರೆ ಅದು ಅರ್ಧ ಮಾತು. ಇಷ್ಟು ವೇಗದ ಕಿಣ್ವಗಳು ಸಾವಿರಾರು ಬಗೆಯಲ್ಲಿ ಒಂದೇ ಕೋಶದೊಳಗೆ ಇದ್ದೂ, ಆ ಕೋಶ ತನ್ನನ್ನು ತಾನೇ ಅರಗಿಸಿಕೊಳ್ಳದೆ ಉಳಿದಿದೆಯಲ್ಲ, ವಿಚಿತ್ರ ಇರುವುದು ಅಲ್ಲಿ. ಕಿಣ್ವದಿಂದ ಕೆಲಸ ಮಾಡಿಸುವುದಕ್ಕಿಂತ ಬೇಡದ ಹೊತ್ತಿನಲ್ಲಿ ಅದನ್ನು ತಡೆದಿಡುವುದರಲ್ಲೇ ಕೋಶದ ಹೆಚ್ಚಿನ ಜಾಣತನ ಖರ್ಚಾಗುತ್ತದೆ.

ಇತಿಹಾಸ ಎರಡೇ ಮಾತಿನಲ್ಲಿ. ಜೀವಂತ ಕೋಶವಿಲ್ಲದೆ ಸಕ್ಕರೆ ಹುಳಿಯೇಳಲಾರದು ಎಂಬ ನಂಬಿಕೆ ಹತ್ತೊಂಬತ್ತನೇ ಶತಮಾನದಲ್ಲಿ ಗಟ್ಟಿಯಾಗಿತ್ತು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಹಿಂಡಿ, ಕೋಶವೇ ಇಲ್ಲದ ರಸದಲ್ಲಿ ಸಕ್ಕರೆ ಮದ್ಯವಾಗುವುದನ್ನು ತೋರಿಸಿದ. ಆ ರಸದಲ್ಲಿ ಇದ್ದದ್ದು ಪ್ರೋಟೀನ್ ಹೌದೋ ಅಲ್ಲವೋ ಎಂಬ ಜಗಳ ಮತ್ತೂ ಮೂವತ್ತು ವರ್ಷ ನಡೆಯಿತು. 1926ರಲ್ಲಿ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯಿಂದ ಯೂರಿಯೇಸ್ ಎಂಬ ಕಿಣ್ವದ ಹರಳು ತೆಗೆದ. ಹರಳಾದದ್ದು ಪ್ರೋಟೀನೇ. ಆಮೇಲೆ 1980ರ ದಶಕದಲ್ಲಿ ಕೆಲವು ಆರ್‌ಎನ್‌ಎಗಳೂ ಕಿಣ್ವದ ಕೆಲಸ ಮಾಡುತ್ತವೆಂದು ಗೊತ್ತಾಯಿತು. ಅದನ್ನು ಇವತ್ತು ಪಕ್ಕಕ್ಕಿಡೋಣ.

ಶಿರಸಿ ಸಮುದ್ರಮಟ್ಟದಿಂದ ಹತ್ತಿರಹತ್ತಿರ 600 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲಂಚಿನಲ್ಲಿ. ಇಲ್ಲಿಂದ ಅಲ್ಲಿಗೆ ಒಟ್ಟಿನಲ್ಲಿ ಇಳಿಜಾರೇ. ಹಾಗೆಂದು ಇಲ್ಲಿ ಬಿಟ್ಟ ಚೆಂಡು ತಾನೇ ಉರುಳಿ ಕುಮಟಾ ಮುಟ್ಟುವುದಿಲ್ಲ, ನಡುವೆ ಗುಡ್ಡಗಳಿವೆ. ಸಕ್ಕರೆ ಉರಿದು ಇಂಗಾಲದ ಡೈಆಕ್ಸೈಡ್ ಆಗುವುದೂ ಇಳಿಜಾರಿನ ಕ್ರಿಯೆಯೇ. ಆದರೂ ಡಬ್ಬದಲ್ಲಿಟ್ಟ ಸಕ್ಕರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಕಿಣ್ವ ಮಾಡುವುದು ನಡುವಿನ ಗುಡ್ಡವನ್ನು ತಗ್ಗಿಸುವ ಕೆಲಸ. ಶಿರಸಿಯ ಎತ್ತರವೂ ಬದಲಾಗದು, ಕುಮಟಾದ್ದೂ ಬದಲಾಗದು. ಗುಡ್ಡ ತಗ್ಗಿದರೆ ಆ ಕಡೆಯಿಂದ ಈ ಕಡೆ ಬರುವವರಿಗೂ ಸಲೀಸು. ರಕ್ತದ ಕೆಂಪು ಕಣದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಸ್ನಾಯುವಿನ ಹತ್ತಿರ ಇಂಗಾಲದ ಡೈಆಕ್ಸೈಡನ್ನು ಬೈಕಾರ್ಬನೇಟ್ ಮಾಡುತ್ತದೆ, ಶ್ವಾಸಕೋಶದಲ್ಲಿ ಅದನ್ನೇ ತಿರುಗಿಸುತ್ತದೆ. ಎತ್ತ ಹೋಗಬೇಕೆಂದು ನಿರ್ಧರಿಸುವುದು ಅನಿಲದ ಪ್ರಮಾಣ, ಕಿಣ್ವವಲ್ಲ.

ಗುಡ್ಡ ತಗ್ಗಿಸುವುದು ಹೇಗೆ? ಕರಿಮೆಣಸಿನ ಕಿಣ್ವವನ್ನೇ ಹತ್ತಿರದಿಂದ ನೋಡೋಣ. ಅದರ ಹೆಸರು ಪಾಲಿಫೀನಾಲ್ ಆಕ್ಸಿಡೇಸ್. ನೂರಾರು ಅಮೈನೋ ಆಮ್ಲಗಳ ಸರಪಣಿ ಸುತ್ತಿಕೊಂಡು ಒಂದು ಗುಂಡಾಗಿದೆ. ಗುಂಡಿನ ಒಂದು ಬದಿಯಲ್ಲಿ ಸಣ್ಣ ಗೂಡು. ಗೂಡಿನೊಳಗೆ ಎರಡು ತಾಮ್ರದ ಅಯಾನುಗಳು ಎದುರುಬದುರು ಕೂತಿವೆ, ಒಂದೊಂದನ್ನೂ ಸರಪಣಿಯದೇ ಮೂರು ಮೂರು ಹಿಸ್ಟಿಡೀನ್ ಎಂಬ ಅಮೈನೋ ಆಮ್ಲಗಳು ಹಿಡಿದಿವೆ. ಗಾಳಿಯ ಆಮ್ಲಜನಕದ ಅಣು ಬಂದು ಎರಡು ತಾಮ್ರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಬಂದು ನಿಂತ ಫೀನಾಲ್ ಅಣುವಿನಿಂದ ಎರಡು ಹೈಡ್ರೋಜನ್ ಕಳಚಿ ಕ್ವಿನೋನ್ ಹೊರಬೀಳುತ್ತದೆ. ಕಿಣ್ವದ ಕೆಲಸ ಅಲ್ಲಿಗೆ ಮುಗಿಯಿತು. ಕ್ವಿನೋನ್‌ಗಳು ಒಂದಕ್ಕೊಂದು ತಾವೇ ಅಂಟಿಕೊಂಡು ಕಪ್ಪಾಗುತ್ತವೆ. ಬಾಳೆಕಾಯಿ, ಬದನೆ ಹೆಚ್ಚಿದಾಗ ಕಪ್ಪೇರುವುದೂ ಇದೇ. ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುವ ನಮ್ಮ ಅಡುಗೆಮನೆಯ ಕ್ರಮದಲ್ಲಿ ಎರಡು ತಡೆಗಳು ಒಟ್ಟಿಗೇ ಇವೆ: ನೀರು ಗಾಳಿಯನ್ನು ದೂರ ಇಡುತ್ತದೆ, ಹುಳಿ ಈ ಕಿಣ್ವವನ್ನು ಮಂದ ಮಾಡುತ್ತದೆ. ಅದು ಚುರುಕಾಗಿರುವುದು ಪಿಎಚ್ 6-7ರ ಆಸುಪಾಸಿನಲ್ಲಿ.

ಗೂಡು ಮತ್ತು ಅಣು ಬೀಗ-ಕೀಲಿಯಂತೆ ಹೊಂದುತ್ತವೆ ಎಂದದ್ದು ಎಮಿಲ್ ಫಿಷರ್, 1894ರಲ್ಲಿ. ಹೋಲಿಕೆ ಚೆಂದ, ಆದರೆ ಬೀಗ ಕದಲುವುದಿಲ್ಲ, ಕಿಣ್ವ ಕದಲುತ್ತದೆ. 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಇದನ್ನು ತಿದ್ದಿದ. ಗ್ಲೂಕೋಸ್ ಒಳಗೆ ಬಂದೊಡನೆ ಹೆಕ್ಸೋಕೈನೇಸ್ ಎಂಬ ಕಿಣ್ವದ ಎರಡು ಭಾಗಗಳು ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ನೀರು ಹೊರಕ್ಕೆ ಹೋಗುತ್ತದೆ. ಹೋಗದಿದ್ದರೆ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಫಾಸ್ಫೇಟ್ ಗ್ಲೂಕೋಸ್ ಬದಲು ನೀರಿಗೆ ಸೇರಿ ವ್ಯರ್ಥವಾಗುತ್ತಿತ್ತು. ಕೀಲಿಯ ಹೋಲಿಕೆ ಹೇಳಿ ನಿಲ್ಲಿಸಿದರೆ ಮಕ್ಕಳಿಗೆ ಈ ಮುಚ್ಚಿಕೊಳ್ಳುವುದು ಸಿಗುವುದೇ ಇಲ್ಲ.

ವೇಗದ ಅಂದಾಜಿಗೆ ಒಂದು ಪ್ರಯೋಗ. ಔಷಧಿ ಅಂಗಡಿಯ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿದರೆ 3 ಶೇಕಡಾ ಆಗುತ್ತದೆ. ಅದರ 20 ಮಿಲಿಲೀಟರನ್ನು ಎತ್ತರದ ಗ್ಲಾಸಿಗೆ ಹಾಕಿ, ಒಂದು ಚಮಚ ಹಸಿ ಆಲೂಗಡ್ಡೆ ತುರಿ ಬಿಡಿ. ನೊರೆ ಉಕ್ಕಿ ಬರುತ್ತದೆ. ಪೂರ್ತಿ ಒಡೆದರೆ ಸುಮಾರು 200 ಮಿಲಿಲೀಟರ್ ಆಮ್ಲಜನಕ ಹುಟ್ಟುತ್ತದೆ. ಇದು ಕ್ಯಾಟಲೇಸಿನ ಕೆಲಸ. ಅದರ ಒಂದು ಅಣು ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಪೆರಾಕ್ಸೈಡ್ ಒಡೆಯಬಲ್ಲದು. ಎಲ್ಲ ಕಿಣ್ವಗಳೂ ಹೀಗಲ್ಲ. ಕಣ್ಣೀರಿನ ಲೈಸೋಜೈಮ್‌ಗೆ ಒಂದು ಸಲದ ಕೆಲಸಕ್ಕೆ ಸುಮಾರು 2 ಸೆಕೆಂಡು ಬೇಕು. ಪ್ರಯೋಗ ಕೆಡುವುದು ಹೆಚ್ಚಾಗಿ ಎರಡು ಕಡೆ. ಹಿಂದಿನ ವರ್ಷ ಮುಚ್ಚಳ ತೆಗೆದ ಪೆರಾಕ್ಸೈಡ್ ಅಷ್ಟರಲ್ಲಿ ಬರೀ ನೀರಾಗಿರುತ್ತದೆ. ಇನ್ನೊಂದು, ‘ಬೇಯಿಸಿದ’ ಆಲೂಗಡ್ಡೆಯೂ ನೊರೆ ಕೊಟ್ಟು ಶಿಕ್ಷಕರನ್ನು ಪೇಚಿಗೆ ಸಿಕ್ಕಿಸುತ್ತದೆ. ಆಗ ಅದನ್ನು ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮೈ ಮೇಲೆ ಪೆರಾಕ್ಸೈಡ್ ಹನಿಸಿ. ಹೊರಗಿನ ಉಂಗುರ ಸುಮ್ಮನಿರುತ್ತದೆ, ನಡು ನೊರೆಯೇಳುತ್ತದೆ. ಬಿಸಿ ಎಲ್ಲಿಯವರೆಗೆ ಇಳಿದಿತ್ತು ಎಂಬುದರ ಗೆರೆ ಕಣ್ಣೆದುರೇ ಕಾಣುತ್ತದೆ. ಸರಿಯಾಗಿ ಬಂದ ಪ್ರಯೋಗಕ್ಕಿಂತ ಈ ಕೆಟ್ಟ ಪ್ರಯೋಗವೇ ಹೆಚ್ಚು ಕಲಿಸುತ್ತದೆ.

ವೇಗಕ್ಕೆ ಮಿತಿಯೂ ಇದೆ. ಹತ್ತು ಜನ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂತಿದ್ದಾರೆ ಎನ್ನಿ. ಅಡಿಕೆ ಕಡಿಮೆ ಇದ್ದಾಗ ಹುಡುಕಿ ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ರಾಶಿ ದೊಡ್ಡದಾದಂತೆ ಕೆಲಸ ಬಿರುಸಾಗುತ್ತದೆ. ಒಂದು ಹಂತ ದಾಟಿದ ಮೇಲೆ ರಾಶಿ ಮಾಡಿಗೆ ಮುಟ್ಟಿದರೂ ಗಂಟೆಗೆ ಸುಲಿಯುವ ಅಡಿಕೆ ಅಷ್ಟೇ. ಕಿಣ್ವದ ಗರಿಷ್ಠ ವೇಗವೂ ಇದೇ ಥರ. ಆ ಗರಿಷ್ಠದ ಅರ್ಧ ವೇಗ ಬರಲು ಎಷ್ಟು ದಟ್ಟಣೆಯ ವಸ್ತು ಬೇಕು ಎಂಬ ಸಂಖ್ಯೆಯನ್ನು ಮೈಕೆಲಿಸ್ ಸ್ಥಿರಾಂಕ ಎನ್ನುತ್ತಾರೆ. ಲಿಯೋನರ್ ಮೈಕೆಲಿಸ್ ಮತ್ತು ಮೌಡ್ ಮೆಂಟೆನ್ 1913ರಲ್ಲಿ ಕೊಟ್ಟ ಸಮೀಕರಣದ ಭಾಗ ಅದು. ಒಣ ಸಂಖ್ಯೆಯಂತೆ ಕಂಡರೂ ಊಟವಾದ ಮೇಲೆ ನಮ್ಮ ಮೈಯಲ್ಲಿ ಸಕ್ಕರೆ ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಅದರಲ್ಲಿದೆ. ಮಿದುಳಿನ ಹೆಕ್ಸೋಕೈನೇಸ್‌ಗೆ ಆ ಸಂಖ್ಯೆ ಲೀಟರಿಗೆ ಸುಮಾರು 0.1 ಮಿಲಿಮೋಲ್ ಅಥವಾ ಅದಕ್ಕೂ ಕಡಿಮೆ. ಅದೇ ಕೆಲಸ ಮಾಡುವ ಪಿತ್ತಜನಕಾಂಗದ ಗ್ಲೂಕೋಕೈನೇಸ್‌ಗೆ ಹತ್ತಿರಹತ್ತಿರ 8. ಹಸಿದ ಹೊತ್ತಿನಲ್ಲಿ ರಕ್ತದ ಗ್ಲೂಕೋಸ್ 5ರ ಆಸುಪಾಸು. ಅಂದರೆ ಉಪವಾಸವಿದ್ದರೂ ಮಿದುಳಿನ ಕಿಣ್ವಕ್ಕೆ ಹೊಟ್ಟೆ ತುಂಬ ಕೆಲಸ. ಪಿತ್ತಜನಕಾಂಗದ್ದು ಮಾತ್ರ ಊಟ ಬಿದ್ದು ಸಕ್ಕರೆ ಏರಿದ ಮೇಲೆ ಬಿರುಸಾಗುತ್ತದೆ. ಯಾರೂ ಅಪ್ಪಣೆ ಕೊಡಬೇಕಿಲ್ಲ.

ಈಗ ಬಿಸಿಯ ಮಾತು. 10 ಡಿಗ್ರಿ ಏರಿದರೆ ಕಿಣ್ವದ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಆದರೆ ಗುಂಡಿನ ಆಕಾರವನ್ನು ಹಿಡಿದಿರುವುದು ದುರ್ಬಲ ಬಂಧಗಳು. ಒಂದು ಮಟ್ಟ ದಾಟಿದರೆ ಸರಪಣಿ ತುಂಡಾಗದಿದ್ದರೂ ಸುತ್ತು ಬಿಚ್ಚಿಕೊಂಡು ಗೂಡು ಇಲ್ಲವಾಗುತ್ತದೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗದ ಹಾಗೆ. ಇಲ್ಲಿ ಮರೆಯುವುದು ಸಮಯವನ್ನು. ‘ಇಷ್ಟು ಡಿಗ್ರಿಗೆ ಕಿಣ್ವ ಸಾಯುತ್ತದೆ’ ಎನ್ನುವುದು ಅರೆಬರೆ ಮಾತು. ‘ಇಷ್ಟು ಡಿಗ್ರಿಯಲ್ಲಿ ಇಷ್ಟು ಹೊತ್ತು’ ಎನ್ನಬೇಕು.

ಮೊದಲ ಬಟ್ಟಲಿಗೆ ಬರೋಣ. ತೆನೆಯಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಬಿಡಿಸಿದ ಹಸಿ ಕಾಳನ್ನು ತೂತಿನ ಬುಟ್ಟಿಯಲ್ಲಿ ತುಂಬಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ತೆಳ್ಳಗೆ ಹರಡಿ ಒಣಗಿಸುತ್ತಾರೆ. ಮೂರ್ನಾಲ್ಕು ಬಿಸಿಲಿಗೆ ಕಾಳು ಸಮನಾಗಿ ಕಪ್ಪಾಗುತ್ತದೆ. ಹಾಗೇ ಒಣಗಿಸಿದರೆ ದಿನವೂ ಹೆಚ್ಚು, ಬಣ್ಣವೂ ಒಂದು ಕಡೆ ಕಂದು, ಒಂದು ಕಡೆ ಕಪ್ಪು. ಕುದಿಯುವ ನೀರು ಕಿಣ್ವವನ್ನು ಕೊಲ್ಲಬೇಕಿತ್ತಲ್ಲ, ಕಪ್ಪು ಹೆಚ್ಚಿದ್ದು ಹೇಗೆ? ಹಸಿ ಕಾಳಿನ ಸಿಪ್ಪೆಯ ಕೋಶಗಳಲ್ಲಿ ಫೀನಾಲ್ ಇರುವುದು ನಡುವಿನ ರಸಕೋಶ ಎಂಬ ಚೀಲದಲ್ಲಿ, ಕಿಣ್ವ ಇರುವುದು ಬೇರೆ ಕೋಣೆಯಲ್ಲಿ. ನಡುವೆ ಕೊಬ್ಬಿನ ತೆಳು ಪೊರೆ. ಬಿಸಿ ತಾಗಿದೊಡನೆ ಮೊದಲು ಹರಿಯುವುದು ಪೊರೆ. ಕಿಣ್ವ ಅದಕ್ಕಿಂತ ಗಟ್ಟಿಗ, ಅದನ್ನು ಮುಗಿಸಲು ಇನ್ನಷ್ಟು ಹೊತ್ತು ಬೇಕು. ಆ ಒಂದು ನಿಮಿಷದಲ್ಲಿ ಗೋಡೆ ಬಿದ್ದಿದೆ, ಕಿಣ್ವ ಸಾಕಷ್ಟು ಉಳಿದಿದೆ. ಬಿಸಿಲಿನಲ್ಲಿ ಗಾಳಿ ಸೇರಿದಾಗ ಕಾಳಿನ ಮೈಯೆಲ್ಲ ಒಟ್ಟಿಗೇ ಕಪ್ಪೇರುತ್ತದೆ.

ಅದೇ ನೀರಿನಲ್ಲಿ 10ರಿಂದ 20 ನಿಮಿಷ ಬೇಯಿಸಿ, ತಕ್ಷಣ ತಣಿಸಿ, 50 ಡಿಗ್ರಿ ಆಸುಪಾಸಿನ ಡ್ರೈಯರಿನಲ್ಲಿ ಒಣಗಿಸಿದರೆ ಎರಡನೆಯ ಬಟ್ಟಲು ಸಿಗುತ್ತದೆ. ಗೋಡೆಯೂ ಹೋಯಿತು, ಕಿಣ್ವವೂ ಹೋಯಿತು. ಫೀನಾಲ್ ಅಲ್ಲೇ ಇದೆ, ಅದನ್ನು ಮುಟ್ಟುವವರಿಲ್ಲ. ಹಸಿರು ನಿಲ್ಲಲು ಗಂಧಕದ ಡೈಆಕ್ಸೈಡಿನ ದ್ರಾವಣದಲ್ಲಿ ನೆನೆಸುವ ಹಂತವೂ ಇದೆ. ಇದಕ್ಕೆ ಹಣ್ಣಾಗದ ಎಳೆಗಾಯಿಯೇ ಆಗಬೇಕು. ಕರಿಮೆಣಸು ಮಾಡಲು ಹೊರಟು ಮಾತಾಡುತ್ತ ಐದಾರು ನಿಮಿಷ ಬುಟ್ಟಿ ಮರೆತರೆ ಅತ್ತ ಕಪ್ಪೂ ಅಲ್ಲ ಇತ್ತ ಹಸಿರೂ ಅಲ್ಲದ ಮಾಸಲು ಕಾಳು ಕೈಗೆ ಬರುತ್ತದೆ.

ಮಲೆನಾಡಿನ ತೋಟಗಳಿಗೆ ಬಂದು ಬೆಲೆ ಬಿದ್ದು ಬೇಸರ ತರಿಸಿದ ವೆನಿಲಾದಲ್ಲೂ ಇದೇ ಲೆಕ್ಕ. ಹಸಿ ಕೋಡಿಗೆ ಪರಿಮಳವೇ ಇಲ್ಲ. ವೆನಿಲಿನ್ ಗ್ಲೂಕೋಸಿಗೆ ಕಟ್ಟಿಕೊಂಡು ಕೂತಿರುತ್ತದೆ. ಗಂಟು ಬಿಚ್ಚುವುದು ಬೀಟಾ-ಗ್ಲೂಕೋಸಿಡೇಸ್. 63-65 ಡಿಗ್ರಿ ನೀರಿನಲ್ಲಿ 3 ನಿಮಿಷ ಅದ್ದಿ, ಕಂಬಳಿ ಸುತ್ತಿ ಬೆಚ್ಚಗಿಟ್ಟು ಬೆವರಿಸುತ್ತಾರೆ. ಕುದಿಯುವ ನೀರಿನಲ್ಲಿ ಅದ್ದಿಟ್ಟರೆ ಗೋಡೆಯ ಜೊತೆ ಕಿಣ್ವವೂ ಹೋಗಿ, ಕಂಬಳಿ ಎಷ್ಟು ಸುತ್ತಿದರೂ ಪರಿಮಳ ಹುಟ್ಟದು.

ಇದೇ ಗುಂಪಿನ ಕಿಣ್ವ ಕಳಲೆಯಲ್ಲಿಯೂ ಇದೆ, ಆದರೆ ಅಲ್ಲಿ ಗ್ಲೂಕೋಸಿನ ಗಂಟು ಬಿಚ್ಚಿದರೆ ಹೊರಬರುವುದು ಸಯನೈಡ್. ಬಿದಿರಿಗೆ ಅದು ಕಾವಲು. ಎಳೆ ಮೊಳಕೆಯನ್ನು ಯಾವುದೋ ಪ್ರಾಣಿ ಕಚ್ಚಿದರೆ ಗೋಡೆ ಒಡೆದು ಎರಡೂ ಸೇರುತ್ತವೆ, ಕಚ್ಚಿದ್ದಕ್ಕೆ ಬುದ್ಧಿ ಬರುತ್ತದೆ. ಕಳಲೆಯನ್ನು ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸುವ ಕ್ರಮದ ಅರ್ಥ ಇಲ್ಲಿದೆ. ಸಣ್ಣಗೆ ಹೆಚ್ಚುವುದು ಚೆಂದಕ್ಕಲ್ಲ, ಹೆಚ್ಚು ಕೋಶ ಒಡೆಯಲಿ ಎಂದು. ಇಡೀ ಕಳಲೆಯನ್ನು ನೀರಿಗೆ ಹಾಕಿ ಮೂರು ದಿನ ಎಣಿಸಿದರೆ ಒಳಗಿನ ಕೋಣೆಗಳು ಮುಚ್ಚಿಯೇ ಇರುತ್ತವೆ. ನೀರು ಬದಲಿಸಿದಾಗ ವಿಷ ಹೊರಟುಹೋಗುತ್ತದೆ. ಆ ನೀರನ್ನು ದನಕ್ಕೆ ಇಡಬಾರದು. ಬೇಯಿಸುವಾಗ ಮುಚ್ಚಳ ತೆಗೆದಿಡಿ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿಗೇ ಆವಿಯಾಗುವ ವಸ್ತು, ದಾರಿ ಕೊಟ್ಟರೆ ಹೋಗುತ್ತದೆ.

ಸಯನೈಡ್ ಕೊಲ್ಲುವುದೂ ಕಿಣ್ವದ ಮೂಲಕವೇ. ಉಸಿರಾಟದ ಸರಪಣಿಯ ಕೊನೆಯ ಕಿಣ್ವ ಸೈಟೋಕ್ರೋಮ್ ಆಕ್ಸಿಡೇಸ್. ಅದರ ಕಬ್ಬಿಣಕ್ಕೆ ಆಮ್ಲಜನಕ ಬಂದು ಕೂರಬೇಕಾದ ಜಾಗದಲ್ಲಿ ಸಯನೈಡ್ ಕೂರುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೋಶಕ್ಕೆ ಅದು ಬಳಕೆಗೆ ಬಾರದು. ತೋಟಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳೂ ಹೀಗೆ ಕಿಣ್ವದ ಗೂಡಿಗೆ ಬೆಣೆ ಹೊಡೆಯುವಂಥವೇ. ನರದ ಸಂಕೇತವನ್ನು ಅಳಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸಿನ ಗೂಡಿನಲ್ಲಿ ಅವು ಗಟ್ಟಿಯಾಗಿ ಅಂಟುತ್ತವೆ. ಬಾಯಲ್ಲಿ ನೀರು, ಬೆವರು, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರು ಕಟ್ಟುವುದು ಎಲ್ಲ ಸಂಕೇತ ಅಳಿಯದೆ ಉಳಿದದ್ದರ ಗುರುತು. ಹೊತ್ತು ಹೋದಂತೆ ಆ ಅಂಟು ಬಿಡಿಸಲಾರದ್ದಾಗುತ್ತದೆ. ಆದ್ದರಿಂದ ನಿಂಬೆ ನೀರು ಕುಡಿಸುತ್ತ ಕೂರದೆ ಬಟ್ಟೆ ಕಳಚಿ, ಮೈ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರನೆಯ ಬಟ್ಟಲು ಸುಲಭ. ಪೂರ್ತಿ ಹಣ್ಣಾದ ಕಾಳನ್ನು ಚೀಲದಲ್ಲಿ ಕಟ್ಟಿ 7ರಿಂದ 10 ದಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. ಬ್ಯಾಕ್ಟೀರಿಯಾಗಳಿಗೆ ಸಿಪ್ಪೆಯ ಪೆಕ್ಟಿನ್ ಊಟ, ಆದರೆ ಆ ಅಣು ಅವುಗಳ ಮೈಯೊಳಗೆ ಹಿಡಿಯದಷ್ಟು ದೊಡ್ಡದು. ಅದಕ್ಕೇ ಅವು ಕಿಣ್ವವನ್ನು ಹೊರಕ್ಕೆ ಉಗುಳಿ, ಹೊರಗೇ ಅರಗಿಸಿ, ಚೂರುಗಳನ್ನು ಒಳಗೆಳೆದುಕೊಳ್ಳುತ್ತವೆ. ಸಿಪ್ಪೆ ಮೆತ್ತಗಾಗಿ ಉಜ್ಜಿದರೆ ಬರುತ್ತದೆ. ನೀರನ್ನು ದಿನವೂ ಬದಲಿಸದಿದ್ದರೆ ಬೋಳಕಾಳಿಗೆ ಕೊಟ್ಟಿಗೆಯ ವಾಸನೆ ಹತ್ತುತ್ತದೆ. ಸ್ಕಾಟೋಲ್, ಕ್ರೆಸಾಲ್ ಎಂಬ ವಸ್ತುಗಳು ಕಾರಣ. ಒಣಗಿಸಿದರೆ ಹೋಗುವ ವಾಸನೆ ಅಲ್ಲ ಅದು.

ಘಟ್ಟದ ಕೆಳಗೆ ಕಾರವಾರ, ತದಡಿಯ ಬಂದರುಗಳಲ್ಲಿ ಕೋಣೆಯ ಗೋಡೆ ಬೀಳುವುದು ಬಿಸಿಯಿಂದಲ್ಲ, ಸಾವಿನಿಂದ. ಮೀನು ಸತ್ತ ಮೇಲೆ ಎಟಿಪಿ ಮುಗಿಯುತ್ತದೆ, ಪೊರೆಗಳನ್ನು ಕಾಯುವವರಿಲ್ಲ. ಹೊಟ್ಟೆ ತುಂಬ ತಿಂದು ಬಲೆಗೆ ಬಿದ್ದ ತಾರ್ಲೆಯ ಜೀರ್ಣಕಿಣ್ವಗಳು ಅದರದೇ ಹೊಟ್ಟೆಯ ಗೋಡೆಯನ್ನು ಅರಗಿಸುತ್ತವೆ, ಕೆಲವೇ ಗಂಟೆಯಲ್ಲಿ ಹೊಟ್ಟೆ ಒಡೆಯುತ್ತದೆ. ಬಂಗಡೆಯ ತೊಂದರೆ ಬೇರೆ. ಅದರ ಮಾಂಸದಲ್ಲಿ ಹಿಸ್ಟಿಡೀನ್ ಹೆಚ್ಚು. ಬಿಸಿಲಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾದ ಕಿಣ್ವ ಅದನ್ನು ಹಿಸ್ಟಮಿನ್ ಮಾಡುತ್ತದೆ. ತಿಂದವರಿಗೆ ಮುಖ ಕೆಂಪೇರಿ ತಲೆನೋವು, ತುರಿಕೆ. ಚೆನ್ನಾಗಿ ಹುರಿದೆವಲ್ಲ ಎನ್ನುವುದು ಪ್ರಯೋಜನಕ್ಕಿಲ್ಲ. ಹುರಿದಾಗ ಸಾಯುವುದು ಕಿಣ್ವ, ಅದು ಮಾಡಿಟ್ಟ ಹಿಸ್ಟಮಿನ್ ಹಾಗೇ ಉಳಿಯುತ್ತದೆ. ದೋಣಿಯಲ್ಲೇ ಮೀನಿನ ತೂಕದಷ್ಟು ಐಸ್ ಹಾಕಿ, ಆದಷ್ಟು ಬೇಗ 4 ಡಿಗ್ರಿಗಿಂತ ಕೆಳಗೆ ಇಳಿಸುವುದೊಂದೇ ದಾರಿ.

ನಮ್ಮ ಮೇದೋಜೀರಕ ಗ್ರಂಥಿ ದಿನವಿಡೀ ಮಾಂಸ ಅರಗಿಸುವ ಟ್ರಿಪ್ಸಿನ್ ತಯಾರಿಸಿಯೂ ತಾನು ಅರಗುವುದಿಲ್ಲ. ಅಲ್ಲಿ ತಡೆ ಒಂದಲ್ಲ. ಟ್ರಿಪ್ಸಿನ್ ಹುಟ್ಟುವಾಗಲೇ ಮೂತಿಗೆ ಕುಕ್ಕೆ ಕಟ್ಟಿದ ಕರುವಿನಂತೆ, ಒಂದು ತುಂಡು ಸರಪಣಿ ಹೆಚ್ಚಾಗಿ, ಟ್ರಿಪ್ಸಿನೋಜನ್ ಆಗಿ ಇರುತ್ತದೆ. ಪೊರೆಯ ಚೀಲದೊಳಗೆ ಕೂಡಿಟ್ಟಿರುತ್ತದೆ. ಅಪ್ಪಿತಪ್ಪಿ ಕುಕ್ಕೆ ಬಿಚ್ಚಿಕೊಂಡರೆ ಹಿಡಿಯಲು ಚೀಲದಲ್ಲೇ ಒಂದು ಪ್ರತಿಬಂಧಕ ಪ್ರೋಟೀನ್. ಸಣ್ಣಕರುಳಿಗೆ ಬಿದ್ದ ಮೇಲೆ ಅಲ್ಲಿನ ಎಂಟರೋಪೆಪ್ಟಿಡೇಸ್ ಆ ತುಂಡನ್ನು ಕತ್ತರಿಸುತ್ತದೆ. ಪಿತ್ತದ ಕಲ್ಲು ಸಿಕ್ಕಿಕೊಂಡೋ ಹೆಚ್ಚು ಮದ್ಯದಿಂದಲೋ ಈ ತಡೆಗಳು ಮುರಿದರೆ ಕಿಣ್ವಗಳು ಒಳಗೇ ಎಚ್ಚರಗೊಂಡು ಗ್ರಂಥಿಯನ್ನೇ ತಿನ್ನತೊಡಗುತ್ತವೆ. ಹೊಟ್ಟೆಯಿಂದ ಬೆನ್ನಿಗೆ ಇರಿಯುವ ಆ ನೋವೇ ಪ್ಯಾಂಕ್ರಿಯಾಟೈಟಿಸ್. ಹಸಿ ಮೆಣಸನ್ನು ಬಿಸಿನೀರಿಗೆ ಅದ್ದಿದಾಗ ಆಗುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚು ದೂರವಿಲ್ಲ.

ಪ್ರಶ್ನೆಗಳಲ್ಲಿ ಮೊದಲನೆಯದು ಹಲವು ಮನೆಗಳಲ್ಲಿ ಡ್ರಮ್ಮಿನಲ್ಲಿ ಮಾಡುತ್ತಿರುವ ‘ಬಯೋ ಎನ್‌ಝೈಮ್’ ಬಗ್ಗೆ: ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಅದರಲ್ಲಿ ಕಿಣ್ವ ಇದೆಯೇ? ಇದ್ದರೂ ಸ್ವಲ್ಪ. ಬೆಲ್ಲ ಮೊದಲು ಮದ್ಯವಾಗಿ, ಆಮೇಲೆ ಹುಳಿಯಾಗಿ, ಕೊನೆಗೆ ಡ್ರಮ್ಮಿನಲ್ಲಿ ಉಳಿಯುವುದು ಹೆಚ್ಚಾಗಿ ವಿನೆಗರಿನಂಥ ಆಮ್ಲಗಳು. ಅಷ್ಟು ಹುಳಿಯಲ್ಲಿ ಮೂರು ತಿಂಗಳು ಗಟ್ಟಿಯಾಗಿ ಉಳಿಯುವ ಕಿಣ್ವಗಳು ಕಡಿಮೆ. ಬಚ್ಚಲಿನ ಕಲ್ಲಿನ ಕಲೆ ಹೋಗುವುದು ಆಮ್ಲದಿಂದ. ನೆಲ ಒರೆಸಲು ಒಳ್ಳೆಯದೇ, ಹೆಸರು ಮಾತ್ರ ತಪ್ಪು. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸದಿದ್ದರೆ ಅನಿಲ ತುಂಬಿ ಡಬ್ಬಿ ಸಿಡಿಯುತ್ತದೆ. ಗಾಜಿನ ಬಾಟಲಿಯಲ್ಲಿ ಮಾಡಲೇಬೇಡಿ.

ಎರಡನೆಯದನ್ನು ಕೇಳಿದವರು ಬೆಳೆಗಾರರೊಬ್ಬರು: ಒಂದು ನಿಮಿಷ ಸರಿಯಾಗಿ ಎಣಿಸಿ ಅದ್ದಿದರೂ ಕೆಲವು ಬುಟ್ಟಿ ಚೆನ್ನಾಗಿ ಕಪ್ಪಾಗುತ್ತದೆ, ಕೆಲವು ಇಲ್ಲ, ಯಾಕೆ? ಹಂಡೆಯ ನೀರು ಎಷ್ಟು, ಬುಟ್ಟಿಯ ಕಾಳು ಎಷ್ಟು ಎಂದು ನೋಡಬೇಕು. ಶಿರಸಿಯ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. 20 ಲೀಟರ್ ಕುದಿನೀರಿಗೆ 25 ಡಿಗ್ರಿಯ 5 ಕೆಜಿ ಹಸಿ ಕಾಳು ಬಿದ್ದರೆ ನೀರು 85 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. 10 ಕೆಜಿ ಬಿದ್ದರೆ 77ರ ಹತ್ತಿರಕ್ಕೆ. ಮೊದಲ ಬುಟ್ಟಿ ತೆಗೆದ ಕೂಡಲೇ ಎರಡನೆಯದನ್ನು ಅದ್ದಿದರೆ ಇನ್ನೂ ಕೆಳಗೆ. ಗಡಿಯಾರ ಒಂದೇ ನಿಮಿಷ ತೋರಿಸಿದರೂ ಕಾಳು ಕಂಡ ಬಿಸಿ ಬೇರೆ ಬೇರೆ. ರಾಶಿಯ ನಡುವಿನ ಕಾಳಿನ ಪೊರೆ ಪೂರ್ತಿ ಹರಿದಿರುವುದೇ ಇಲ್ಲ. 20 ಲೀಟರಿಗೆ ಎರಡು-ಮೂರು ಕೆಜಿ ಸಾಕು, ಬುಟ್ಟಿಯನ್ನು ನೀರಿನೊಳಗೆ ಎರಡು ಸಲ ಅಲ್ಲಾಡಿಸಿ, ಮುಂದಿನ ಬುಟ್ಟಿಗೆ ಮೊದಲು ನೀರು ಮತ್ತೆ ಕೊತಕೊತ ಕುದಿಯಲಿ.